ತಿಪ್ಪೇಶ ಎಣ್ಣೆ ಬದಲಾಯಿಸಿದ್ದು

ಹಿರಿಯೂರಿನ ಬೈಪಾಸ್ ಪಕ್ಕದಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿಗೆ ಬುದ್ಧಿ ಇತ್ತು. ಮಗನಿಗೆ ಹೇಳಿದ ಮಾತು ಕೇಳುವ ಗುಣ ಇತ್ತು. ಎರಡೂ ಒಂದೇ ತಲೆಯಲ್ಲಿ ಇದ್ದಿದ್ದರೆ ನನಗೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ, ನಿಮಗೆ ಕೇಳುವುದಕ್ಕೂ.

ತಾಯಿಯ ಹೆಸರು ಬೋರಮ್ಮ. ಲಾರಿಯವರಿಗೆ ಮುದ್ದೆ ಊಟದ ಹೋಟೆಲು ಇಟ್ಟಿದ್ದಳು. ಮಗ ತಿಪ್ಪೇಶ. ವಯಸ್ಸು ಮೂವತ್ನಾಲ್ಕು, ಎತ್ತಿನಂಥ ಮೈ, ನಾಲ್ಕನೇ ಕ್ಲಾಸಿನ ಓದು. ಯಾವ ಕೆಲಸಕ್ಕೆ ಸೇರಿದರೂ ವಾರ ದಾಟುತ್ತಿರಲಿಲ್ಲ.

ಅಕ್ಕಿ ಗಿರಣಿಯವರು “ಬಾಗಿಲು ನೋಡಿಕೋ” ಅಂದರು. ಬಾಗಿಲನ್ನೇ ನೋಡುತ್ತ ಕೂತ. ಹಿಂದಿನ ಕಿಟಕಿಯಿಂದ ಎರಡು ಮೂಟೆ ಹೋದವು. ಮದುವೆ ಛತ್ರದವರು “ಬಂದವರಿಗೆಲ್ಲ ಪನ್ನೀರು ಹಾಕು, ಯಾರನ್ನೂ ಬಿಡಬೇಡ” ಅಂದರು. ಫ್ಯೂಸ್ ಹಾಕುವುದಕ್ಕೆ ಬಂದಿದ್ದ ಕರೆಂಟಿನವನನ್ನೂ ಬಿಡಲಿಲ್ಲ, ಅವನ ಫ್ಯೂಸನ್ನೂ ಬಿಡಲಿಲ್ಲ. ಮದುವೆ ಕತ್ತಲಲ್ಲೇ ಆಯಿತು.

“ಅಯ್ಯೋ ನನ್ನ ಮಗನೇ! ನನ್ನ ಮಂಡಿ ಸವೆದುಹೋಗಿದೆ. ಇನ್ನೆಷ್ಟು ದಿನ ಮುದ್ದೆ ತಿರುವಲಿ? ಆಮೇಲೆ ನಿನ್ನ ಗತಿ ಏನ್ಲಾ?”

“ನೀನೇ ಹೇಳವ್ವ, ಹಂಗೇ ಮಾಡ್ತೀನಿ.”

“ಅದೇ ಕಣೋ ನನ್ನ ಭಯ!”

ಹೋಟೆಲಿನ ಪಕ್ಕದಲ್ಲೇ ದಸ್ತಗೀರ್ ಮೇಸ್ತ್ರಿಯ ಗ್ಯಾರೇಜು. ಇಪ್ಪತ್ತು ವರ್ಷ ಬೋರಮ್ಮನ ಕೈಯ ಮುದ್ದೆ ಉಂಡ ಮನುಷ್ಯ. ಅವಳು ಹೋಗಿ ಕೇಳಿದಾಗ ಇಲ್ಲ ಅನ್ನಲು ನಾಲಗೆ ಏಳಲಿಲ್ಲ.

“ಕಳಿಸಕ್ಕ. ನಳಿನಾ ಅವರ ರೇಸು ಗಾಡಿ ಕೆಲಸ ಬಂದಿದೆ, ಕೈ ಸಾಲದು. ರೇಸು ಮುಗಿಯೋ ತನಕ ನೋಡ್ತೀನಿ. ನೆಟ್ಟಗಿದ್ದರೆ ಕಾಯಂ. ಕೆಡಿಸಿದರೆ ನಿನ್ನ ಮಗ ನಿನಗೆ, ನನ್ನ ಗ್ಯಾರೇಜು ನನಗೆ.”

ಬೋರಮ್ಮ ಮನೆಗೆ ಬಂದು ದೇವರ ಮುಂದೆ ನಿಂತಳು. “ಇವನ ಕೆಲಸ ಕಾಯಂ ಆಗೋ ತನಕ ತಲೆಗೆ ಎಣ್ಣೆ ಮುಟ್ಟಿಸಲ್ಲ” ಎಂದು ಹರಕೆ ಹೊತ್ತಳು. ದಿನ ಬಿಟ್ಟು ದಿನ ನೆತ್ತಿಗೆ ಹರಳೆಣ್ಣೆ ತಟ್ಟಿಕೊಳ್ಳದಿದ್ದರೆ ತಲೆ ಸಿಡಿಯುವ ಹೆಂಗಸು ಅವಳು. ಬೇಸಿಗೆ, ಒಲೆಯ ಮುಂದಿನ ಬದುಕು. ದೊಡ್ಡ ಹರಕೆಯೇ.

ಮೊದಲ ದಿನ ಮೇಸ್ತ್ರಿ ಒಂದು ಲಾರಿ ತೋರಿಸಿದರು. “ಕೆಳಗೆ ತಿರುಪು ಬಿಚ್ಚು, ಇಂಜಿನ್ನಿನ ಹಳೇ ಎಣ್ಣೆ ಇಳಿಸು. ಪೂರ್ತಿ ಇಳಿಯೋ ತನಕ ಅಲ್ಲಿಂದ ಏಳಬೇಡ!”

ತಿಪ್ಪೇಶ ತಿರುಪು ಬಿಚ್ಚಿ ಕೆಳಗೆ ಕೂತ. ತಣ್ಣಗಿನ ಇಂಜಿನ್ನು, ಜಿಡ್ಡು ಎಣ್ಣೆ. ನಿಧಾನಕ್ಕೆ ಇಳಿಯಿತು. ಆಮೇಲೆ ತೊಟ್ಟು ತೊಟ್ಟು. ಮಧ್ಯಾಹ್ನವಾಯಿತು, ಕೂತೇ ಇದ್ದ. ಲಾರಿಯವನು ಬಂದ. “ಏಳಪ್ಪ, ದಾವಣಗೆರೆಗೆ ಹೋಗಬೇಕು!”

“ತಡಿ, ಇನ್ನೊಂದು ತೊಟ್ಟಿದೆ.”

ಗಳಿಗೆ ಬಿಟ್ಟು ಮತ್ತೆ ಬಂದ. “ಏಳೋ ಮಾರಾಯ!”

“ತಡಿ, ಇನ್ನೊಂದು ತೊಟ್ಟಿದೆ.”

ಸಂಜೆಗೆ ಮೇಸ್ತ್ರಿ ಕಾಲು ಹಿಡಿದು ಎಳೆದರು. “ಲೇ ದಡ್ಡ! ಇಂಜಿನ್ ಓಡಿಸಿ ಬಿಸಿ ಮಾಡಿಕೊಂಡು ಬಿಚ್ಚಬೇಕು ಕಣೋ, ಆಗ ಸರಾಗ ಇಳಿಯುತ್ತೆ! ನೆನಪಿಟ್ಟುಕೋ. ಬಿಚ್ಚೋ ಮುಂಚೆ ಬಿಸಿ ಮಾಡು!”

“ಆಗಲಿ ಮೇಸ್ತ್ರಿ. ಬಿಚ್ಚೋ ಮುಂಚೆ ಬಿಸಿ ಮಾಡ್ತೀನಿ.”

ಮಾರನೆಯ ದಿನ ಒಂದು ಜೀಪು ಬಂತು. “ರೇಡಿಯೇಟರ್ ಮುಚ್ಚಳ ಬಿಚ್ಚಿ ನೀರು ಎಷ್ಟಿದೆ ನೋಡು” ಅಂದರು ಮೇಸ್ತ್ರಿ. ಅಂದು ಗುರುವಾರ. ಮರುದಿನದ ಜುಮ್ಮಾ ನಮಾಜಿಗೆಂದು ಗಡ್ಡಕ್ಕೆ ಮೆಹಂದಿ ಹಚ್ಚಿಕೊಂಡು ಒಣಗಲು ಕೂತಿದ್ದರು.

ಬಿಚ್ಚೋ ಮುಂಚೆ ಬಿಸಿ! ತಿಪ್ಪೇಶ ಜೀಪು ಚಾಲು ಮಾಡಿದ. ಅರ್ಧ ಗಂಟೆ ಗುರುಗುಟ್ಟಿಸಿದ. ಚೆನ್ನಾಗಿ ಕಾಯಿತು ಅನ್ನಿಸಿದಾಗ ಉದ್ದನೆಯ ಇಕ್ಕಳ ಹಾಕಿ ಮುಚ್ಚಳ ತಿರುವಿದ. ಬುಸ್ಸ್! ತುಕ್ಕು ನೀರು ತಗಡಿನ ಸೂರಿಗೆ ಹೊಡೆಯಿತು. ಸೂರಿನಿಂದ ಮೇಸ್ತ್ರಿಯ ಗಡ್ಡಕ್ಕೆ ಇಳಿಯಿತು. ಅಷ್ಟು ಹೊತ್ತಿಗೆ ಆರಿತ್ತು, ಪುಣ್ಯ. ಆದರೆ ಮೆಹಂದಿ ಅಂಗಿಯ ಮೇಲೆ, ತುಕ್ಕು ಗಡ್ಡದ ಮೇಲೆ.

“ಯಾ ಅಲ್ಲಾ! ಬಿಸಿ ಇರೋದನ್ನ ಯಾರಾದರೂ ಬಿಚ್ತಾರೇನೋ? ಒದ್ದೆ ಗೋಣಿಚೀಲ ಹೊದಿಸಿ, ತಣ್ಣಗಾಗೋ ತನಕ ಕಾಯಬೇಕು! ತಣ್ಣಗಾದ ಮೇಲೇ ಮುಚ್ಚಳ ತೆಗೀಬೇಕು!”

“ಆಗಲಿ ಮೇಸ್ತ್ರಿ. ಒದ್ದೆ ಗೋಣಿಚೀಲ, ತಣ್ಣಗಾದ ಮೇಲೆ ಮುಚ್ಚಳ.”

ಅದೇ ಮಧ್ಯಾಹ್ನ ನಳಿನಾ ಬಂದಳು. ಅವಳದೇ ರೇಸು ಗಾಡಿ. ಅಪ್ಪ ಬೋರ್‌ವೆಲ್ ಕೊರೆಸುವ ಲಾರಿಗಳ ಮಾಲೀಕ. ಆ ಲಾರಿಗಳ ಸದ್ದಿನಲ್ಲೇ ಬೆಳೆದವಳು, ಸದ್ದಿಲ್ಲದಿದ್ದರೆ ನಿದ್ದೆ ಬಾರದವಳು. ಕೆಂಪು ಕಾರು, ನೆಲಕ್ಕೆ ಅಂಟಿಕೊಂಡಂತೆ ಓಡುತ್ತಿತ್ತು. ಅದಕ್ಕೆ ಒಂದೇ ಕಾಯಿಲೆ, ಕಾಯುತ್ತಿತ್ತು. ಎರಡು ಸುತ್ತು ಜೋರಾಗಿ ಓಡಿಸಿದರೆ ಎಣ್ಣೆಯ ಬಿಸಿ ತೋರಿಸುವ ಮುಳ್ಳು ನೂರ ಮೂವತ್ತೈದಕ್ಕೆ ಏರಿ ಕೆಂಪು ಗೆರೆ ಮುಟ್ಟುತ್ತಿತ್ತು.

“ಚಾಚಾ, ಹೊಸ ಫ್ಯಾನ್ ಹಾಕಿದಿರಿ, ಹೊಸ ರೇಡಿಯೇಟರ್ ಹಾಕಿದಿರಿ. ಇವತ್ತೂ ಅಷ್ಟೇ! ಭಾನುವಾರ ಹತ್ತು ಸುತ್ತು ಓಡಿಸಬೇಕು.”

“ನನಗೂ ತಿಳೀತಿಲ್ಲ ಮಗಳೇ. ಎಣ್ಣೆಯಂತೂ ನಿಮ್ಮಪ್ಪ ಹೇಳಿದ ಹಾಗೆ ಅರವತ್ತನೇ ನಂಬರಿನದು, ಎಲ್ಲಕ್ಕಿಂತ ಗಟ್ಟಿ. ಬೋರ್ ಲಾರಿಗೆ ಹಾಕೋ ಥರದ್ದು. ಕಂಪನಿಯವರು ತೆಳ್ಳಗಿನದು ಹಾಕಿ ಅಂತಾರೆ. ಅವರಿಗೇನು ಗೊತ್ತು ನಮ್ಮೂರ ಬಿಸಿಲು!”

“ಮತ್ತೇನು! ತಲೆ ಕಾದರೆ ಹರಳೆಣ್ಣೆ ತಾನೆ ಇಡೋದು?” ಅಂದಳು ನಳಿನಾ. “ಗಟ್ಟಿ ಇದ್ದಷ್ಟೂ ತಂಪು.”

ಹರಳೆಣ್ಣೆಯ ಮಾತು. ಅದನ್ನು ಆ ಊರಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಮೇಸ್ತ್ರಿ ತಲೆದೂಗಿ, “ತಿಪ್ಪೇಶ! ಬೋರಮ್ಮಕ್ಕನ ಹತ್ತಿರ ಹೋಗಿ ಇವರಿಗೆ ಒಂದು ಮುದ್ದೆ, ಸಾರು ಡಬ್ಬಿಯಲ್ಲಿ ಹಾಕಿಸಿಕೊಂಡು ಬಾ” ಅಂದರು.

ತಂದ. ಮುಟ್ಟಿ ನೋಡಿದ. ಬಿಸಿ! ಒದ್ದೆ ಗೋಣಿಚೀಲ ಹೊದಿಸಿದ. ಪಕ್ಕದಲ್ಲಿ ಕೂತ.

“ತಂದೆಯೇನೋ?” ಅಂದರು ಮೇಸ್ತ್ರಿ ಒಳಗಿನಿಂದ.

“ತಂದೆ ಮೇಸ್ತ್ರಿ. ಇನ್ನೂ ಬಿಸಿ ಇದೆ!”

“ಒಳ್ಳೇದಾಯಿತಲ್ಲ, ಕೊಡೋ!”

“ಮುಚ್ಚಳ ತೆಗೆಯೋ ಹಂಗಿಲ್ಲ ಮೇಸ್ತ್ರಿ!”

ಮುಚ್ಚಳ ತೆಗೆದಾಗ ನಾಲ್ಕು ಗಂಟೆ. ನಳಿನಾ ಮುದ್ದೆಯನ್ನು ಬೆರಳಿನಿಂದ ತಟ್ಟಿದಳು. ಟಕ್ ಟಕ್. “ಚಾಚಾ, ಇದನ್ನ ಚಕ್ರದ ಅಡಿಗೆ ಕೊಡಬಹುದು, ಗಾಡಿ ಜಾರಲ್ಲ.”

ಬೋರಮ್ಮನೇ ಓಡಿ ಬಂದಳು. “ಅಯ್ಯೋ ನಿನ್ನ! ಬಿಸಿಲಲ್ಲಿ ಬಂದ ಹೆಣ್ಣುಮಗಳಿಗೆ ಈ ಗುಂಡು ಕೊಡ್ತೀಯಾ? ಗಟ್ಟಿಯಾದದ್ದು ಹೆಂಗೋ ಇಳಿಯುತ್ತೆ? ಗಟ್ಟಿಯಾಗಿದ್ದರೆ ಮೇಲಿಂದ ಹುಯ್ದು, ಕಲಸಿ, ತೆಳ್ಳಗೆ ಮಾಡಿ ಕೊಡಬೇಕು!”

“ಆಗಲಿ ಅವ್ವ. ಗಟ್ಟಿಯಾಗಿದ್ದರೆ ತೆಳ್ಳಗೆ ಮಾಡಿ ಕೊಡ್ತೀನಿ.”

ಮರುದಿನ ಟ್ರ್ಯಾಕ್ಟರ್ ಟ್ರೇಲರಿನ ಚಕ್ರಕ್ಕೆ ಗ್ರೀಸ್ ತುಂಬಲು ಹೇಳಿದರು. ಗ್ರೀಸ್ ಡಬ್ಬಿ ತೆಗೆದು ನೋಡಿದರೆ ಬೆಣ್ಣೆಯ ಹಾಗೆ ಗಟ್ಟಿ. ಇದು ಹೆಂಗೆ ಇಳಿಯುತ್ತೆ? ಮೇಲಿಂದ ಎರಡು ಲೀಟರ್ ಡೀಸೆಲ್ ಹುಯ್ದ, ಕಲಸಿದ, ಸಾರಿನ ಹಾಗೆ ಮಾಡಿ ಸೌಟಿನಲ್ಲಿ ಬಿಟ್ಟ. ಬಿಟ್ಟಷ್ಟೂ ಕೆಳಗಿಂದ ಹೋಯಿತು. ಟ್ರೇಲರು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಚಕ್ರ ಕಿರುಚಿಕೊಂಡು ನಿಂತಿತು. ಕೇಳಿ ಊರಿನ ನಾಯಿಗಳೆಲ್ಲ ದನಿಗೂಡಿಸಿದವು.

“ಗ್ರೀಸಿಗೆ ಡೀಸೆಲ್! ಯಾರೋ ಹೇಳಿದ್ದು ನಿನಗೆ?”

“ಅವ್ವ.”

“ನಿಮ್ಮವ್ವ ಹೇಳಿದ್ದು ಮುದ್ದೆಗೆ ಕಣೋ! ಇನ್ನು ಮೇಲೆ ಅವರಿವರ ಮಾತು ಬೇಡ. ಓದೋಕೆ ಬರುತ್ತೆ ತಾನೆ? ಗಾಡಿ ಮೇಲೆ ಏನು ಬರೆದಿದೆಯೋ ಅದನ್ನ ಓದು, ಹಂಗೇ ಮಾಡು!”

“ಆಗಲಿ ಮೇಸ್ತ್ರಿ. ಬರೆದದ್ದು ಓದ್ತೀನಿ, ಹಂಗೇ ಮಾಡ್ತೀನಿ.”

ಮಧ್ಯಾಹ್ನ ಒಂದು ಈರುಳ್ಳಿ ಲಾರಿ ಬಂತು. “ಹಿಂದಿನ ಟೈರಿಗೆ ಗಾಳಿ ಹೊಡಿ” ಅಂದರು. ತಿಪ್ಪೇಶ ಪೈಪು ಹಿಡಿದು ಹಿಂದೆ ಹೋದ. ಹಿಂದೆ ದೊಡ್ಡದಾಗಿ ಬರೆದಿತ್ತು: ‘ಹಾರ್ನ್ ಮಾಡಿ.’

ಪೈಪು ಬಿಟ್ಟ. ಮುಂದೆ ಹೋಗಿ, ಹತ್ತಿ, ಹಾರ್ನ್ ಮಾಡಿದ. ಇಳಿದು ಬಂದು ನೋಡಿದ. ಇನ್ನೂ ಬರೆದೇ ಇತ್ತು! ಮತ್ತೆ ಹೋಗಿ ಹಾರ್ನ್ ಮಾಡಿದ. ಮತ್ತೆ ಬಂದು ನೋಡಿದ. ಇನ್ನೂ ಇದೆ! ಕೊನೆಗೆ ಇಳಿಯುವ ಗೋಜೇ ಬೇಡವೆಂದು ಒತ್ತಿಕೊಂಡೇ ಕೂತ. ಎದುರಿನ ಶಾಲೆಯವರು ಗಂಟೆ ಹೊಡೆಯಿತೆಂದು ಮಕ್ಕಳನ್ನು ಮನೆಗೆ ಬಿಟ್ಟರು.

ಮೇಸ್ತ್ರಿ ಬಂದು ಕೈಮುಗಿದರು. ಬೈಯುವ ಶಕ್ತಿಯೂ ಇರಲಿಲ್ಲ. “ಅಪ್ಪಾ, ಲಾರಿ ಹಿಂದೆ ಬರೆದದ್ದಲ್ಲಪ್ಪ. ಯಾವ ಗಾಡಿಯಾದರೂ ಸರಿ, ಎಣ್ಣೆ ಹಾಕೋ ಬಾಯಿಗೆ ಒಂದು ಮುಚ್ಚಳ ಇರುತ್ತೆ. ಅದರ ಮೇಲೆ ಬರೆದದ್ದು ಓದು. ಬೇರೆ ಎಲ್ಲೂ ಓದಬೇಡ. ನಿನ್ನ ದಮ್ಮಯ್ಯ!”

“ಆಗಲಿ ಮೇಸ್ತ್ರಿ. ಎಣ್ಣೆ ಬಾಯಿಯ ಮುಚ್ಚಳ. ಬೇರೆ ಎಲ್ಲೂ ಓದಲ್ಲ.”

ಸಂಜೆ ಮೇಸ್ತ್ರಿ ಊಟಕ್ಕೆ ಕೂತಾಗ ಬೋರಮ್ಮನ ಮುಖ ನೋಡಲಿಲ್ಲ. “ಅಕ್ಕ, ಭಾನುವಾರದ ತನಕ ಮಾತು ಕೊಟ್ಟಿದ್ದೀನಿ. ಅಲ್ಲಿಯ ತನಕ ಇಟ್ಟುಕೊಳ್ತೀನಿ.” ಅಷ್ಟೇ ಅಂದರು. ಬೋರಮ್ಮನಿಗೆ ಅರ್ಥವಾಯಿತು. ಒಣಹುಲ್ಲಿನಂತಾಗಿದ್ದ ಕೂದಲನ್ನು ಸೆರಗಿನೊಳಗೆ ಸೇರಿಸಿಕೊಂಡು ಸಾರು ಬಡಿಸಿದಳು.

ಶನಿವಾರ. ಮರುದಿನ ಬೆಳಗ್ಗೆ ರೇಸು.

“ತಿಪ್ಪೇಶ, ಕೆಂಪು ಗಾಡಿಯ ಹಳೇ ಎಣ್ಣೆ ಇಳಿಸಿ ಹೊಸದು ಹಾಕು. ಡಬ್ಬಿ ಅಲ್ಲೇ ಇದೆ. ನಾನು ನಮಾಜು ಮುಗಿಸಿ ಬರ್ತೀನಿ.” ಮೇಸ್ತ್ರಿ ಹೋದರು.

ಯಾವ ಡಬ್ಬಿ ಎಂದು ಹೇಳಲಿಲ್ಲ. ಹೇಳಬೇಕು ಎಂದು ಅವರಿಗೆ ಹೊಳೆಯಲೂ ಇಲ್ಲ. ಹಲಗೆಯ ಮೇಲೆ ಎರಡು ಡಬ್ಬಿ ಇದ್ದವು. ಒಂದು ಅರವತ್ತರದು, ಹೊಸದು. ಇನ್ನೊಂದು ಕಾರಿನ ಮೊದಲ ಮಾಲೀಕ ಡಿಕ್ಕಿಯಲ್ಲಿ ಬಿಟ್ಟುಹೋಗಿದ್ದು, ಸೀಲು ಒಡೆಯದ್ದು. ಯಾರಿಗೂ ಬೇಡವಾಗಿ ಮೂಲೆಗೆ ಸರಿದಿತ್ತು.

ತಿಪ್ಪೇಶ ಎಲ್ಲ ಮಾತನ್ನೂ ನೆನೆದುಕೊಂಡ. ಬಿಚ್ಚೋ ಮುಂಚೆ ಬಿಸಿ. ಇಂಜಿನ್ ಓಡಿಸಿದ. ಪೂರ್ತಿ ಇಳಿಯೋ ತನಕ ಏಳಬೇಡ. ಕೊನೆಯ ತೊಟ್ಟಿನ ತನಕ ಏಳಲಿಲ್ಲ. ಎಣ್ಣೆ ಬಾಯಿಯ ಮುಚ್ಚಳ ಓದು. ಮುಚ್ಚಳದ ಜಿಡ್ಡು ಒರೆಸಿದ. ಅಕ್ಷರ ಎದ್ದವು. ಐದು, ಡಬ್ಲ್ಯೂ, ಮೂವತ್ತು. ಡಬ್ಬಿಗಳನ್ನು ನೋಡಿದ. ಹೊಸದರ ಮೇಲೆ ಅರವತ್ತು. ಮೂಲೆಯದರ ಮೇಲೆ ಐದು, ಡಬ್ಲ್ಯೂ, ಮೂವತ್ತು.

ಮೂಲೆಯದನ್ನು ತೆಗೆದು ಹಾಕಿದ. ನೀರಿನಷ್ಟಲ್ಲದಿದ್ದರೂ ಸಲೀಸಾಗಿ ಇಳಿಯಿತು. ಎಣ್ಣೆ ಅಳೆಯುವ ಕಡ್ಡಿಯ ಗುರುತಿಗೆ ಬಂದಾಗ ನಿಲ್ಲಿಸಿದ. ಸ್ವಲ್ಪ ಉಳಿಯಿತು. ಡಬ್ಬಿಯ ಬಾಯಿ ಬಿಗಿದು, ಅಲ್ಲಿದ್ದರೆ ಯಾರಾದರೂ ಚೆಲ್ಲಿಯಾರೆಂದು ಮನೆಗೆ ಒಯ್ದು ಜೋಪಾನವಾಗಿ ಇಟ್ಟ.

“ಹಾಕಿದೆಯೇನೋ?”

“ಹಾಕಿದೆ ಮೇಸ್ತ್ರಿ.”

ಅಷ್ಟೇ ಮಾತು.

ಭಾನುವಾರ ಗುಡ್ಡದಾಚೆಯ ಮಣ್ಣಿನ ಮೈದಾನದಲ್ಲಿ ಬಿಸಿಲು ಕಾಯಿಸಿದ ಹಂಚಿನ ಹಾಗಿತ್ತು. ಬೋರಮ್ಮ ಮಜ್ಜಿಗೆಯ ಕ್ಯಾನು ಇಟ್ಟುಕೊಂಡು ಮಗನ ಪಕ್ಕದಲ್ಲಿ ಕೂತಳು. ಬಾವುಟ ಬಿತ್ತು. ಎಂಟು ಗಾಡಿ ಧೂಳೆಬ್ಬಿಸಿ ಹೋದವು, ಅದರಲ್ಲಿ ಕೆಂಪು ಒಂದು.

ಮೇಸ್ತ್ರಿ ತಿರುಪು ಬಿಗಿಯುವ ಪಾನಾ ಬೇಕೆಂದು ವ್ಯಾನಿನೊಳಗೆ ಕೈ ಹಾಕಿದರು. ತುರ್ತಿಗೆ ಇರಲಿ ಎಂದು ಗ್ಯಾರೇಜಿನ ಹುಡುಗರು ಹಲಗೆಯಿಂದ ಎತ್ತಿಟ್ಟ ಸಾಮಾನು ಅಲ್ಲಿತ್ತು. ಅದರ ನಡುವೆ ಅರವತ್ತರ ಡಬ್ಬಿ. ಎತ್ತಿದರು. ಭಾರ! ಸೀಲು ನೋಡಿದರು. ಒಡೆದಿಲ್ಲ!

“ತಿಪ್ಪೇಶ! ಇದು ಯಾಕೋ ತುಂಬಿದೆ?”

“ಅದನ್ನ ಹಾಕಲಿಲ್ಲ ಮೇಸ್ತ್ರಿ.”

“ಮತ್ತೆ ಏನು ಹಾಕಿದೆ?”

“ಮುಚ್ಚಳದ ಮೇಲೆ ಬರೆದದ್ದು. ಮೂವತ್ತು.”

ಮೇಸ್ತ್ರಿ ಹಾಗೇ ನೆಲಕ್ಕೆ ಕೂತರು. “ಹೋಯಿತು! ಗಟ್ಟಿ ಎಣ್ಣೆಗೇ ನಿಲ್ಲದ ಬಿಸಿ, ಈ ತೆಳ್ಳಗಿನದಕ್ಕೆ ನಿಲ್ಲುತ್ತಾ? ಮೂರನೇ ಸುತ್ತಿಗೆ ಇಂಜಿನ್ ಕಚ್ಚಿಕೊಳ್ಳುತ್ತೆ! ಬೋರಮ್ಮಕ್ಕ, ನಿನ್ನ ಮಗನನ್ನ ಈಗಲೇ ಕರಕೊಂಡು ಹೋಗು!”

ಬೋರಮ್ಮ ಏಳಲಿಲ್ಲ. ಮಜ್ಜಿಗೆಯ ಸೌಟು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. “ಮೂರನೇ ಸುತ್ತು ಆಗಲಿ ಅಣ್ಣ. ಆಮೇಲೆ ಹೋಗ್ತೀನಿ.”

ಮೇಸ್ತ್ರಿ ಎದ್ದು ತಲೆಯ ಟವೆಲ್ ಬೀಸಿದರು. “ನಿಲ್ಲಿಸು ಮಗಳೇ! ನಿಲ್ಲಿಸು!” ನಳಿನಾ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಒತ್ತಿದಳು.

ಮೂರನೇ ಸುತ್ತು ಬಂತು. ಕೆಂಪು ಗಾಡಿ ಹೋಯಿತು. ನಾಲ್ಕು. ಹೋಯಿತು. “ಈಗ ನಿಲ್ಲುತ್ತೆ” ಅಂದರು ಮೇಸ್ತ್ರಿ. ಐದು. ಹೋಯಿತು. “ಈಗ!” ಆರು. ಹೋಯಿತು. ಏಳನೇ ಸುತ್ತಿನಲ್ಲಿ ಒಂದು ಗಾಡಿ ಹೊಗೆ ಕಾರಿ ನಿಂತಿತು. ಬೋರಮ್ಮ ಕಣ್ಣು ಮುಚ್ಚಿದಳು.

“ಅದು ನೀಲಿ ಗಾಡಿ ಅವ್ವ” ಅಂದ ತಿಪ್ಪೇಶ.

ಹತ್ತೂ ಸುತ್ತು ಮುಗಿದವು. ಕೆಂಪು ಎರಡನೆಯದಾಗಿ ಬಂತು. ನಳಿನಾ ಹೆಲ್ಮೆಟ್ ಕಿತ್ತು ಓಡಿ ಬಂದಳು.

“ಚಾಚಾ! ಏನು ಮಾಡಿದಿರಿ?”

ಮೇಸ್ತ್ರಿ ಟವೆಲ್ ಹೆಗಲಿಗೆ ಹಾಕಿಕೊಂಡರು. “ಯಾಕೆ ಮಗಳೇ?”

“ಮುಳ್ಳು ನೂರ ಹದಿನೆಂಟು ದಾಟಲೇ ಇಲ್ಲ! ಎಣ್ಣೆಯ ಒತ್ತಡ ಸ್ವಲ್ಪ ಕಡಿಮೆ ತೋರಿಸಿತು, ಆದರೆ ಇರಬೇಕಾದ ಗೆರೆಗಿಂತ ಕೆಳಗೆ ಇಳಿಯಲಿಲ್ಲ. ಗಾಡಿ ಎಷ್ಟು ಹಗುರ! ಏನು ಮಾಡಿದಿರಿ ಹೇಳಿ!”

“ಅದೂ… ಸ್ವಲ್ಪ ಯೋಚನೆ ಮಾಡಿ…”

“ಮೇಸ್ತ್ರಿ ನಮಾಜಿಗೆ ಹೋಗಿದ್ರು ಅಕ್ಕ” ಅಂದ ತಿಪ್ಪೇಶ. “ಎಣ್ಣೆ ನಾನು ಹಾಕಿದ್ದು.”

ಮೇಸ್ತ್ರಿ ತಿಪ್ಪೇಶನನ್ನು ನೋಡಿದರು, ಅರವತ್ತರ ಡಬ್ಬಿ ನೋಡಿದರು. ಆಮೇಲೆ ನಕ್ಕುಬಿಟ್ಟರು. ಬಹಳ ಹೊತ್ತು ನಕ್ಕರು. “ನಾನು ಎಂಥ ದಡ್ಡ ನೋಡು! ಬೋರ್ ಲಾರಿ ನಿಂತಲ್ಲೇ ದುಡಿಯೋದು, ಅದರ ಇಂಜಿನ್ನಿನ ಭಾಗಗಳ ನಡುವೆ ಜಾಗ ಸಡಿಲ. ಇದು ಬಿಗಿಯಾದ ಇಂಜಿನ್, ಗಾಳಿಯ ಹಾಗೆ ತಿರುಗೋದು. ಗಟ್ಟಿ ಎಣ್ಣೆ ಹಾಕಿದರೆ ಅದನ್ನ ದಬ್ಬುವುದರಲ್ಲೇ ಅರ್ಧ ಕಸುವು ಹೋಗುತ್ತೆ. ಎಣ್ಣೆ ತನ್ನನ್ನ ತಾನೇ ಉಜ್ಜಿಕೊಂಡು ಕಾಯುತ್ತೆ. ಬಿಸಿ ಹೊತ್ತುಕೊಂಡು ಹೊರಗೆ ಬರೋದೂ ತಡ. ತೆಳ್ಳಗಿನದಾದರೆ ಓಡುತ್ತೆ, ಬಿಸಿ ತರುತ್ತೆ, ತಣ್ಣಗಾಗಿ ವಾಪಸ್ಸು ಹೋಗುತ್ತೆ.”

“ಇದಕ್ಕೆ ಇಷ್ಟು ಮಾತಾ?” ಅಂದಳು ಬೋರಮ್ಮ. “ಗಟ್ಟಿ ಅಂಬಲಿ ತಳ ಹಿಡಿಯುತ್ತೆ, ಸಾರು ಹಿಡಿಯಲ್ಲ. ನನ್ನ ಕೇಳಿದ್ದರೆ ಹೇಳ್ತಿದ್ದೆ.”

“ಹಂಗಂತ ತೀರಾ ನೀರಾದರೆ ಬೇರಿಂಗ್ ತಿಂದುಹಾಕುತ್ತೆ ಅಕ್ಕ. ಎಷ್ಟು ತೆಳ್ಳಗಿರಬೇಕು ಅನ್ನೋದು ಮುಚ್ಚಳದ ಮೇಲೇ ಇತ್ತು. ನಾವು ಒರೆಸಿ ನೋಡಲಿಲ್ಲ, ನಿನ್ನ ಮಗ ಒರೆಸಿದ.” ಮೇಸ್ತ್ರಿ ತಿಪ್ಪೇಶನ ಬೆನ್ನು ತಟ್ಟಿದರು. “ಕೆಲಸ ಕಾಯಂ ಕಣೋ! ಆದರೆ ಕೇಳಿಸಿಕೋ. ಕಾದಿರೋದಕ್ಕೆ ಗಟ್ಟಿ ಎಣ್ಣೆ ಹಾಕಬೇಡ. ತೆಳ್ಳಗಿನದು, ನೀನು ಹಾಕಿದ ಡಬ್ಬಿಯದು. ಹಳೇದು ಇಳಿಸದೆ ಹೊಸದು ಹಾಕಬೇಡ!”

“ಆಗಲಿ ಮೇಸ್ತ್ರಿ. ಕಾದಿರೋದಕ್ಕೆ ತೆಳ್ಳಗಿನದು, ನಾನು ಹಾಕಿದ ಡಬ್ಬಿಯದು.”

ಬೋರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿದ ಮಜ್ಜಿಗೆಯನ್ನು ಬಂದವರಿಗೆಲ್ಲ ಪುಕ್ಕಟೆ ಕೊಟ್ಟಳು.

ಮನೆಗೆ ಬಂದು ದೇವರಿಗೆ ಕೈಮುಗಿದು, ಹಿತ್ತಲಿನಲ್ಲಿ ಮಣೆ ಹಾಕಿಕೊಂಡು, ಜಡೆ ಬಿಚ್ಚಿ ಕೂತಳು. ಎಷ್ಟೋ ದಿನದ ಮೇಲೆ ಭುಜ ಇಳಿಬಿಟ್ಟಳು. “ತಿಪ್ಪೇಶಾ, ಹರಕೆ ತೀರಿತು ಕಣಪ್ಪ. ನೆತ್ತಿ ಕಾದು ಕೆಂಡವಾಗಿದೆ. ಒಳಗೆ ಹರಳೆಣ್ಣೆ ಇದೆ, ನಿನ್ನ ಕೈಯಾರೆ ಒಂದಿಷ್ಟು ಹಾಕು.” ಕಣ್ಣು ಮುಚ್ಚಿದಳು.

ತಿಪ್ಪೇಶ ಒಳಗೆ ಹೋಗಿ ಹರಳೆಣ್ಣೆಯ ಸೀಸೆ ಬಗ್ಗಿಸಿ ನೋಡಿದ. ಗಟ್ಟಿ! ಕಾದಿರೋದಕ್ಕೆ ಇದನ್ನ ಹಾಕೋದಾ? ಸೀಸೆ ಇಟ್ಟ. ಹೊರಗೆ ಬಂದು ಅವ್ವನ ತಲೆಯ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಕುತ್ತಿಗೆಯ ಹಿಂದೆ ಹುಡುಕಿದ.

“ಏನೋ ಹುಡುಕ್ತೀಯಾ?”

“ಹಳೇದು ಎಲ್ಲಿಂದ ಇಳಿಸೋದು ಅವ್ವ?”

“ಹಳೇದು ಎಲ್ಲಿದೆಯೋ, ವಾರದಿಂದ ಒಣಗಿ ಕೂತಿದೆ! ಹಾಕೋ ಬೇಗ!”

ಹಳೇದು ಇಲ್ಲ. ಸರಿ. ಜೋಪಾನವಾಗಿ ಇಟ್ಟಿದ್ದ ಡಬ್ಬಿ ತಂದ. ಗಳ ಗಳ ಗಳ! ಸಲೀಸಾಗಿ ಇಳಿಯಿತು, ನೆತ್ತಿಯಿಂದ ಹಣೆಗೆ, ಹಣೆಯಿಂದ ಮೂಗಿಗೆ, ಮೂಗಿನಿಂದ ಸೀರೆಗೆ. ಬೋರಮ್ಮ ಮೂಸಿದಳು. ಕಣ್ಣು ಬಿಟ್ಟಳು. ಕೈಯಲ್ಲಿ ಒರೆಸಿ ನೋಡಿಕೊಂಡಳು. ಜೇನಿನ ಬಣ್ಣ, ಗ್ಯಾರೇಜಿನ ವಾಸನೆ!

ಬೈಯಲು ಬಾಯಿ ತೆರೆದಳು. ಬುದ್ಧಿ ಹೇಳಲು ಬೆರಳೆತ್ತಿದಳು. ಹೇಳಿದರೆ ನಾಳೆ ಅದನ್ನೂ ಮಾಡುತ್ತಾನೆ! ಬೆರಳು ಇಳಿಸಿದಳು. ಹೊಟ್ಟೆಯೊಳಗಿನಿಂದ ನಗು ಬಂತು. ನಗುತ್ತ ನಗುತ್ತ ಮಣೆಯಿಂದ ಜಾರಿದಳು.

“ಮಗನೇ, ಸೀಗೆಪುಡಿ ತಾರೋ, ತೊಳೆದುಬಿಡೋಣ!”

“ತೊಳೆಯೋ ಹಂಗಿಲ್ಲ ಅವ್ವ” ಅಂದ ತಿಪ್ಪೇಶ ಡಬ್ಬಿ ತಿರುಗಿಸಿ ಓದುತ್ತ. “ಹತ್ತು ಸಾವಿರ ಕಿಲೋಮೀಟರ್ ಆಗೋ ತನಕ ಬದಲಾಯಿಸಬಾರದು ಅಂತ ಬರೆದಿದೆ. ಏಳು, ನಡೆಯೋಕೆ ಶುರು ಮಾಡು.”